ಸಂಶೋಧನಾ ಮಾರ್ಗದರ್ಶಕರೊಡನೆ ಪೂರ್ವಸಂಪರ್ಕ

ಸಂಶೋಧನಾ ಮಾರ್ಗದರ್ಶಕರೊಡನೆ ಪೂರ್ವಸಂಪರ್ಕ ಎಂದರೆ, ಪಿಎಚ್.ಡಿ. ಅಥವಾ ಸಂಶೋಧನಾ ಪ್ರಧಾನವಾದ ಸ್ನಾತಕೋತ್ತರ ಪದವಿಗೆ ಅರ್ಜಿ ಸಲ್ಲಿಸಲಿರುವ ವಿದ್ಯಾರ್ಥಿಯು ಪ್ರವೇಶಕ್ಕೆ ಮೊದಲೇ ತನಗೆ ಮಾರ್ಗದರ್ಶನ ನೀಡಬಹುದಾದ ಪ್ರಾಧ್ಯಾಪಕರಿಗೆ ಪತ್ರ ಬರೆದು ಅಥವಾ ಅವರನ್ನು ಭೇಟಿಯಾಗಿ ವಿಚಾರಿಸುವ ಕ್ರಮ. ಕರ್ನಾಟಕದ ವಿಶ್ವವಿದ್ಯಾಲಯಗಳಲ್ಲಿ ಮಾರ್ಗದರ್ಶಕರನ್ನು ಆಡುಮಾತಿನಲ್ಲಿ ‘ಗೈಡ್’ ಎಂದೇ ಕರೆಯುವುದು ರೂಢಿ. ಈ ಸಂಪರ್ಕವು ಕೆಲವು ದೇಶಗಳಲ್ಲಿ ಪ್ರವೇಶದ ಮೊದಲ ಮೆಟ್ಟಿಲು, ಕೆಲವೆಡೆ ಐಚ್ಛಿಕ, ಇನ್ನು ಕೆಲವೆಡೆ ಅದರಿಂದ ಯಾವ ಪ್ರಯೋಜನವೂ ಇಲ್ಲ. ಅರ್ಜಿದಾರರು ಮಾಡುವ ತಪ್ಪುಗಳಲ್ಲಿ ಹೆಚ್ಚಿನವು ಈ ವ್ಯತ್ಯಾಸವನ್ನು ಗಮನಿಸದಿರುವುದರಿಂದ ಹುಟ್ಟುತ್ತವೆ.

ಹಿನ್ನೆಲೆ

ಅಪರಿಚಿತ ವಿದ್ವಾಂಸರಿಗೆ ಪತ್ರ ಬರೆದು ಮಾರ್ಗದರ್ಶನ ಪಡೆದವರಲ್ಲಿ ಶ್ರೀನಿವಾಸ ರಾಮಾನುಜನ್ ಅವರ ಪ್ರಸಂಗ ಅತ್ಯಂತ ಪ್ರಸಿದ್ಧವಾದುದು. ಮದರಾಸಿನ ಪೋರ್ಟ್ ಟ್ರಸ್ಟ್ ಕಚೇರಿಯಲ್ಲಿ ಗುಮಾಸ್ತರಾಗಿದ್ದ ಅವರು 1913ರ ಜನವರಿ 16ರಂದು ಕೇಂಬ್ರಿಜ್‌ನ ಜಿ. ಎಚ್. ಹಾರ್ಡಿ ಅವರಿಗೆ ಬರೆದರು. ಅದಕ್ಕೆ ಮೊದಲು ಅಲ್ಲಿನ ಎಚ್. ಎಫ್. ಬೇಕರ್ ಮತ್ತು ಇ. ಡಬ್ಲ್ಯೂ. ಹಾಬ್ಸನ್ ಅವರಿಗೆ ಬರೆದ ಪತ್ರಗಳು ಫಲ ಕೊಟ್ಟಿರಲಿಲ್ಲ. ಹಾರ್ಡಿ ಮಾತ್ರ ಪತ್ರದೊಡನಿದ್ದ ಪ್ರಮೇಯಗಳನ್ನು ಜೆ. ಇ. ಲಿಟಲ್‌ವುಡ್ ಅವರೊಡನೆ ಕುಳಿತು ಪರಿಶೀಲಿಸಿದರು. 1914ರಲ್ಲಿ ರಾಮಾನುಜನ್ ಕೇಂಬ್ರಿಜ್ ತಲುಪಿದರು. 1916ರಲ್ಲಿ ಅವರಿಗೆ ಸಂಶೋಧನೆಯ ಆಧಾರದ ಮೇಲೆ ಪದವಿ ದೊರೆಯಿತು.

ಇಂದಿನ ವಿದ್ಯಾರ್ಥಿಗಳ ಸ್ಥಿತಿಗೆ ಹೆಚ್ಚು ಹತ್ತಿರವಾದುದು ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರ ಉದಾಹರಣೆ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದುತ್ತಿದ್ದಾಗಲೇ ಅವರು ಹೊಸ ಕ್ವಾಂಟಮ್ ಸಂಖ್ಯಾಶಾಸ್ತ್ರವನ್ನು ಬಳಸಿ ಬರೆದ ಪ್ರಬಂಧವೊಂದನ್ನು, ಅದೇ ವಿಷಯದಲ್ಲಿ ಕೆಲಸ ಮಾಡಿದ್ದ ಕೇಂಬ್ರಿಜ್‌ನ ರಾಲ್ಫ್ ಫೌಲರ್ ಅವರಿಗೆ ಕಳುಹಿಸಿದರು. ಅದು 1929ರಲ್ಲಿ ಫೌಲರ್ ಅವರ ಮೂಲಕ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಮರುವರ್ಷ ಚಂದ್ರಶೇಖರ್ ಕೇಂಬ್ರಿಜ್‌ಗೆ ಹೋಗಿ ಫೌಲರ್ ಅವರ ಶಿಷ್ಯರಾಗಿ 1933ರಲ್ಲಿ ಪಿಎಚ್.ಡಿ. ಪಡೆದರು. ಎರಡೂ ಪತ್ರಗಳಲ್ಲಿ ಸಮಾನವಾಗಿದ್ದ ಅಂಶವೆಂದರೆ, ಅವು ಬರಿಯ ವಿನಂತಿಗಳಾಗಿರದೆ ಬರೆದವರ ಕೆಲಸವನ್ನೇ ಓದುವವರ ಮುಂದಿಟ್ಟಿದ್ದವು.

ಭಾರತದಲ್ಲಿ

ಭಾರತದಲ್ಲಿ ಪಿಎಚ್.ಡಿ. ಪ್ರವೇಶವು ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ನಿಯಮಗಳಿಗೆ ಒಳಪಟ್ಟಿದೆ. 2009ರ ನಿಯಮಗಳು ಮಾರ್ಗದರ್ಶಕರ ಹಂಚಿಕೆಯನ್ನು ವಿಭಾಗವೇ ಮಾಡಬೇಕೆಂದೂ, ಅದನ್ನು ವಿದ್ಯಾರ್ಥಿಗಾಗಲಿ ಅಧ್ಯಾಪಕರಿಗಾಗಲಿ ವೈಯಕ್ತಿಕವಾಗಿ ಬಿಡಕೂಡದೆಂದೂ ಹೇಳಿದ್ದವು. 2016ರ ನಿಯಮಗಳು ಈ ಹೊಣೆಯನ್ನು ಸಂಸ್ಥೆಗೆ ವಹಿಸಿದವು. ಹೀಗಾಗಿ ಪ್ರಾಧ್ಯಾಪಕರೊಬ್ಬರು ಮೊದಲೇ ಒಪ್ಪಿದ್ದರೂ ಪ್ರವೇಶ ಪರೀಕ್ಷೆ ಮತ್ತು ಸಂದರ್ಶನವನ್ನು ದಾಟದೆ ಪ್ರವೇಶ ದೊರೆಯುವುದಿಲ್ಲ.

ಆದರೂ ಪೂರ್ವಸಂಪರ್ಕ ವ್ಯರ್ಥವಲ್ಲ. ಇದಕ್ಕೆ ಮುಖ್ಯ ಕಾರಣ ಸ್ಥಾನಗಳ ಮಿತಿ. 2022ರ ನಿಯಮಗಳ ಪ್ರಕಾರ ಏಕಕಾಲದಲ್ಲಿ ಪ್ರಾಧ್ಯಾಪಕರು 8, ಸಹ ಪ್ರಾಧ್ಯಾಪಕರು 6 ಮತ್ತು ಸಹಾಯಕ ಪ್ರಾಧ್ಯಾಪಕರು 4 ಸಂಶೋಧನಾರ್ಥಿಗಳಿಗಷ್ಟೇ ಮಾರ್ಗದರ್ಶನ ನೀಡಬಹುದು. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಅವಧಿ ಉಳಿದಿರುವವರು ಹೊಸ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುವಂತಿಲ್ಲ. ಪ್ರಸಿದ್ಧ ಹಿರಿಯ ಪ್ರಾಧ್ಯಾಪಕರೊಬ್ಬರನ್ನೇ ಮನಸ್ಸಿನಲ್ಲಿಟ್ಟುಕೊಂಡು ಸಂಶೋಧನಾ ಪ್ರಸ್ತಾವ ಸಿದ್ಧಪಡಿಸಿದ ವಿದ್ಯಾರ್ಥಿಗೆ, ಅವರಲ್ಲಿ ಸ್ಥಾನವೇ ಇಲ್ಲವೆಂದು ಸಂದರ್ಶನದ ದಿನ ತಿಳಿದರೆ ಒಂದು ವರ್ಷವೇ ಕಳೆದುಹೋಗಬಹುದು. ಮಾರ್ಗದರ್ಶಕರ ಹೆಸರುಗಳನ್ನೂ ಅವರಲ್ಲಿ ನೋಂದಾಯಿಸಿರುವ ಸಂಶೋಧನಾರ್ಥಿಗಳ ವಿವರಗಳನ್ನೂ ಸಂಸ್ಥೆಗಳು ಜಾಲತಾಣದಲ್ಲಿ ಪ್ರಕಟಿಸಿ ಪ್ರತಿವರ್ಷ ಪರಿಷ್ಕರಿಸಬೇಕೆಂಬ ನಿಯಮವಿದೆ. ಪಟ್ಟಿ ಹಳೆಯದೆಂಬ ಅನುಮಾನವಿದ್ದಲ್ಲಿ ವಿಭಾಗದ ಕಚೇರಿಯಲ್ಲಿ ಅಥವಾ ಪ್ರಾಧ್ಯಾಪಕರಲ್ಲೇ ಕೇಳುವುದು ಸರಿಯಾದ ಮಾರ್ಗ.

ಇತರ ದೇಶಗಳಲ್ಲಿ

ಅಮೆರಿಕದ ಬಹುತೇಕ ವಿಭಾಗಗಳಲ್ಲಿ ಪ್ರವೇಶವನ್ನು ಒಂದು ಸಮಿತಿ ನಿರ್ಧರಿಸುತ್ತದೆ. ಜೀವವಿಜ್ಞಾನದ ಅನೇಕ ಕಾರ್ಯಕ್ರಮಗಳಲ್ಲಿ ವಿದ್ಯಾರ್ಥಿಗಳು ಮೊದಲ ವರ್ಷ ಕೆಲವು ಪ್ರಯೋಗಾಲಯಗಳಲ್ಲಿ ಸರದಿಯಂತೆ ಕೆಲಸ ಮಾಡಿ ಅನಂತರ ಮಾರ್ಗದರ್ಶಕರನ್ನು ಆರಿಸಿಕೊಳ್ಳುತ್ತಾರೆ. ಅಲ್ಲಿ ಪೂರ್ವಪತ್ರದ ಪಾತ್ರ ಚಿಕ್ಕದು. ವಿದ್ಯಾರ್ಥಿಯ ವೇತನವು ಪ್ರಾಧ್ಯಾಪಕರ ಸಂಶೋಧನಾ ಅನುದಾನದಿಂದ ಬರುವ ವಿಭಾಗಗಳಲ್ಲಿ ಮಾತ್ರ ಅವರ ಆಸಕ್ತಿಗೆ ಹೆಚ್ಚಿನ ತೂಕವಿರುತ್ತದೆ. ಅಧ್ಯಾಪಕರಿಗೆ ನೇರವಾಗಿ ಬರೆಯಬೇಡಿ ಎಂದು ಸ್ಪಷ್ಟವಾಗಿ ಸೂಚಿಸುವ ವಿಭಾಗಗಳೂ ಇವೆ. ಆ ಸೂಚನೆಯನ್ನು ಮೀರಿ ಬರೆದ ಪತ್ರ ಅರ್ಜಿದಾರರಿಗೆ ಒಳಿತು ಮಾಡುವ ಸಾಧ್ಯತೆ ಕಡಿಮೆ.

ಜರ್ಮನಿಯ ಸಾಂಪ್ರದಾಯಿಕ ಪದ್ಧತಿ ಇದಕ್ಕೆ ಪೂರ್ತಿ ವಿರುದ್ಧ. ಅಲ್ಲಿ ವಿದ್ಯಾರ್ಥಿಯೇ ಮಾರ್ಗದರ್ಶಕರನ್ನು ಹುಡುಕಿ ಅವರ ಲಿಖಿತ ಒಪ್ಪಿಗೆ ಪಡೆದ ನಂತರವೇ ವಿಶ್ವವಿದ್ಯಾಲಯದಲ್ಲಿ ನೋಂದಣಿ. ಮಾರ್ಗದರ್ಶಕರನ್ನು ‘ಡೊಕ್ಟೋರ್‌ಫಾಟರ್’, ಅಂದರೆ ಡಾಕ್ಟರೇಟಿನ ತಂದೆ ಎಂದು ಕರೆಯುವ ವಾಡಿಕೆಯಿಂದಲೇ ಈ ಸಂಬಂಧದ ಸ್ವರೂಪ ತಿಳಿಯುತ್ತದೆ. ನಿಗದಿತ ಪಠ್ಯಕ್ರಮವಿರುವ ಪಿಎಚ್.ಡಿ. ಕಾರ್ಯಕ್ರಮಗಳು ಇತ್ತೀಚಿನ ದಶಕಗಳಲ್ಲಿ ಅಲ್ಲಿಯೂ ಬೆಳೆದಿವೆ. ಆಸ್ಟ್ರೇಲಿಯಾ, ಬ್ರಿಟನ್ ಮತ್ತು ಕೆನಡಾಗಳ ಅನೇಕ ವಿಶ್ವವಿದ್ಯಾಲಯಗಳು ಅರ್ಜಿಗೆ ಮೊದಲು ಮಾರ್ಗದರ್ಶಕರ ಸಮ್ಮತಿಯನ್ನು ಬಯಸುತ್ತವೆ. ಜಪಾನ್ ಸರ್ಕಾರದ ವಿದ್ಯಾರ್ಥಿವೇತನಕ್ಕೆ ರಾಯಭಾರ ಕಚೇರಿಯ ಮೂಲಕ ಆಯ್ಕೆಯಾದವರು ಅಲ್ಲಿನ ವಿಶ್ವವಿದ್ಯಾಲಯದಿಂದ ತಾತ್ಕಾಲಿಕ ಒಪ್ಪಿಗೆ ಪತ್ರ ತರಬೇಕಾಗುತ್ತದೆ.

ಪತ್ರದ ಸ್ವರೂಪ

ಈಗ ಇಂಥ ಪತ್ರವ್ಯವಹಾರ ಇಮೇಲ್ ಮೂಲಕವೇ ನಡೆಯುತ್ತದೆ. ಪರದೆಯನ್ನು ಹೆಚ್ಚು ಸರಿಸದೆ ಓದಿ ಮುಗಿಸಬಹುದಾದ ಪತ್ರ ಸಾಕು. ಬರೆಯುವವರು ಯಾರು, ಏನು ಓದಿದ್ದಾರೆ, ಯಾವ ಕೆಲಸ ಮಾಡಿದ್ದಾರೆ, ಯಾವ ಪ್ರಶ್ನೆಯನ್ನು ಬೆನ್ನುಹತ್ತಲು ಬಯಸುತ್ತಾರೆ, ಮುಂದಿನ ಸಾಲಿನಲ್ಲಿ ಪ್ರಾಧ್ಯಾಪಕರು ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುವರೇ ಎಂಬಿಷ್ಟು ವಿಷಯಗಳು ಅದರಲ್ಲಿರಬೇಕು. ಸ್ವವಿವರ ಮತ್ತು ಅಂಕಪಟ್ಟಿಯನ್ನು ಲಗತ್ತಿಸುವುದು ವಾಡಿಕೆ.

ಪತ್ರದ ಯೋಗ್ಯತೆಯನ್ನು ನಿರ್ಧರಿಸುವುದು ಅದರ ನಡುವಿನ ಎರಡು ಮೂರು ವಾಕ್ಯಗಳು. ‘ತಮ್ಮ ಸಂಶೋಧನೆಯಲ್ಲಿ ನನಗೆ ಅಪಾರ ಆಸಕ್ತಿಯಿದೆ’ ಎಂಬ ವಾಕ್ಯವನ್ನು ಯಾರು ಯಾರಿಗಾದರೂ ಬರೆಯಬಹುದು. ಆದ್ದರಿಂದಲೇ ಅದು ಏನನ್ನೂ ತಿಳಿಸುವುದಿಲ್ಲ. ಕೋಲಾರದ ಕೆರೆಗಳ ಹೂಳಿನಲ್ಲಿರುವ ಭಾರಲೋಹಗಳನ್ನು ಸ್ನಾತಕೋತ್ತರ ಪ್ರಬಂಧಕ್ಕಾಗಿ ಅಳೆದ ವಿದ್ಯಾರ್ಥಿನಿಯೊಬ್ಬಳು, ಪ್ರಾಧ್ಯಾಪಕರು ನದಿಗಳ ಮೇಲೆ ಬಳಸಿದ ವಿಧಾನವು ಬೇಸಿಗೆಯಲ್ಲಿ ಪೂರ್ತಿ ಬತ್ತುವ ಕೆರೆಗಳಿಗೆ ಹೊಂದುವುದೇ ಎಂದು ಕೇಳಿದರೆ, ಆಕೆ ಅವರ ಲೇಖನವನ್ನು ಓದಿದ್ದಾಳೆಂಬುದೂ ಆಕೆಗೆ ತನ್ನದೇ ಆದ ಒಂದು ಪ್ರಶ್ನೆ ಇದೆಯೆಂಬುದೂ ಒಟ್ಟಿಗೇ ತಿಳಿಯುತ್ತವೆ. ಒಂದೇ ಒಕ್ಕಣೆಯನ್ನು ಐವತ್ತು ಮಂದಿಗೆ ಕಳುಹಿಸುವವರು ಕೆಲವೊಮ್ಮೆ ಒಬ್ಬರ ಹೆಸರನ್ನು ಇನ್ನೊಬ್ಬರ ಪತ್ರದಲ್ಲಿ ಉಳಿಸಿಬಿಡುವುದುಂಟು. ಅಂಥ ಪತ್ರಕ್ಕೆ ಉತ್ತರ ನಿರೀಕ್ಷಿಸುವಂತಿಲ್ಲ.

ಸಂಬೋಧನೆಯೂ ಗಮನಾರ್ಹ. ಭಾರತದಲ್ಲಿ ಸಹಜವೆನಿಸುವ ‘ಗೌರವಾನ್ವಿತ ಸರ್’ ಎಂಬ ಒಕ್ಕಣೆಯ ಬದಲು ವಿದೇಶಗಳಿಗೆ ಬರೆಯುವಾಗ ‘ಪ್ರೊಫೆಸರ್’ ಎಂಬ ಪದದೊಡನೆ ಕುಲನಾಮ ಬಳಸುವುದು ಕ್ಷೇಮ. ಮಹಿಳೆಯನ್ನು ‘ಸರ್’ ಎಂದು ಸಂಬೋಧಿಸುವ ಮುಜುಗರವೂ ಆಗ ತಪ್ಪುತ್ತದೆ. ಕುಲನಾಮವಿಲ್ಲದೆ ಊರು ಮತ್ತು ತಂದೆಯ ಹೆಸರಿನ ಮೊದಲಕ್ಷರಗಳನ್ನು ಮಾತ್ರ ಇಟ್ಟುಕೊಂಡಿರುವ ಕರ್ನಾಟಕದ ವಿದ್ಯಾರ್ಥಿಗಳು ಪತ್ರದಲ್ಲಿ, ಅರ್ಜಿಯಲ್ಲಿ ಮತ್ತು ಪಾಸ್‌ಪೋರ್ಟಿನಲ್ಲಿ ಹೆಸರನ್ನು ಒಂದೇ ರೀತಿಯಾಗಿ ಬರೆಯದಿದ್ದರೆ, ಪತ್ರ ಬರೆದವರೇ ಅರ್ಜಿ ಹಾಕಿದವರೆಂದು ಗುರುತಿಸುವುದು ಕಷ್ಟವಾಗುತ್ತದೆ.

ಉತ್ತರ ಮತ್ತು ಮೌನ

ಬಹಳಷ್ಟು ಪತ್ರಗಳಿಗೆ ಉತ್ತರವೇ ಬರುವುದಿಲ್ಲ. ರಜೆ, ಪರೀಕ್ಷಾ ಕಾಲ, ಅನುದಾನದ ಅನಿಶ್ಚಿತತೆ, ತುಂಬಿದ ಅಂಚೆಪೆಟ್ಟಿಗೆ ಇವೆಲ್ಲ ಕಾರಣವಾಗಬಹುದು. ಎರಡು ಮೂರು ವಾರಗಳ ನಂತರ ಒಮ್ಮೆ ನೆನಪಿಸುವುದು ಸಭ್ಯವೆನಿಸಿಕೊಳ್ಳುತ್ತದೆ. ಅನಂತರವೂ ಮೌನವಿದ್ದರೆ ಬೇರೆಯವರತ್ತ ತಿರುಗುವುದೇ ಯೋಗ್ಯ.

ಮೌನಕ್ಕೆ ಯಾವಾಗಲೂ ಪತ್ರದ ದೋಷವೇ ಕಾರಣವಲ್ಲ ಎಂಬುದಕ್ಕೆ ಗಟ್ಟಿಯಾದ ಆಧಾರವಿದೆ. ಕ್ಯಾಥರೀನ್ ಮಿಲ್ಕ್‌ಮನ್, ಮೊಡೂಪೆ ಅಕಿನೊಲಾ ಮತ್ತು ಡಾಲಿ ಚುಘ್ ಎಂಬ ಸಂಶೋಧಕರು ಅಮೆರಿಕದ 259 ವಿಶ್ವವಿದ್ಯಾಲಯಗಳ 6,500ಕ್ಕೂ ಹೆಚ್ಚು ಪ್ರಾಧ್ಯಾಪಕರಿಗೆ ಕಾಲ್ಪನಿಕ ವಿದ್ಯಾರ್ಥಿಗಳ ಹೆಸರಿನಲ್ಲಿ ಇಮೇಲ್ ಕಳುಹಿಸಿದರು. ಪಿಎಚ್.ಡಿ. ಸೇರುವ ಮೊದಲು ಸಂಶೋಧನಾವಕಾಶಗಳ ಬಗ್ಗೆ ಮಾತನಾಡಲು ಸ್ವಲ್ಪ ಸಮಯ ಬೇಡುವ ಆ ಪತ್ರಗಳ ಒಕ್ಕಣೆ ಒಂದೇ ಆಗಿತ್ತು. ಹೆಸರುಗಳು ಮಾತ್ರ ಬಿಳಿಯ, ಕಪ್ಪು, ಹಿಸ್ಪಾನಿಕ್, ಚೀನೀ ಮತ್ತು ಭಾರತೀಯ ಮೂಲದ ಸ್ತ್ರೀಪುರುಷರನ್ನು ಸೂಚಿಸುತ್ತಿದ್ದವು. 2012 ಮತ್ತು 2015ರಲ್ಲಿ ಪ್ರಕಟವಾದ ಫಲಿತಾಂಶಗಳ ಪ್ರಕಾರ, ಒಂದು ವಾರದ ನಂತರದ ಭೇಟಿಯನ್ನು ಕೋರಿದ ಪತ್ರಗಳಲ್ಲಿ ಬಿಳಿಯ ಪುರುಷರೆಂದು ತೋರಿದವರಿಗೆ ಒಟ್ಟಾರೆಯಾಗಿ ಇತರರಿಗಿಂತ ಹೆಚ್ಚು ಉತ್ತರಗಳು ದೊರೆತವು. ಹೆಚ್ಚು ವೇತನವಿರುವ ವಿಷಯಗಳಲ್ಲಿ ಮತ್ತು ಖಾಸಗಿ ಸಂಸ್ಥೆಗಳಲ್ಲಿ ಈ ಅಂತರ ಇನ್ನೂ ದೊಡ್ಡದಾಗಿತ್ತು. ಅಧಿಕೃತ ಅರ್ಜಿಯ ಹಂತದಲ್ಲಿ ತಾರತಮ್ಯವನ್ನು ತಡೆಯುವ ಕ್ರಮಗಳಿದ್ದರೂ ಅದಕ್ಕೆ ಮುಂಚಿನ ಅನೌಪಚಾರಿಕ ಬಾಗಿಲಿನಲ್ಲಿ ಅವು ಅನ್ವಯಿಸುವುದಿಲ್ಲ ಎಂಬುದು ಈ ಅಧ್ಯಯನದಿಂದ ಹೊರಬಂದ ಮುಖ್ಯ ಚರ್ಚೆ. ಪೂರ್ವಸಂಪರ್ಕವನ್ನು ಕಡ್ಡಾಯಗೊಳಿಸುವ ವಿಭಾಗಗಳ ಬಗ್ಗೆ ಇದೇ ಆಕ್ಷೇಪವಿದೆ: ಹೇಗೆ ಬರೆಯಬೇಕೆಂದು ಹೇಳಿಕೊಡುವ ಹಿರಿಯರು ಯಾರಿಗಿದ್ದಾರೋ ಅವರಿಗೆ ಅದು ಅನುಕೂಲ, ಮನೆಯಲ್ಲಿ ಮೊದಲ ಬಾರಿಗೆ ಪದವಿ ಪಡೆದವರಿಗೆ ಅಂಥ ನಿರೀಕ್ಷೆ ಇದೆಯೆಂಬುದೇ ತಿಳಿದಿರುವುದಿಲ್ಲ.

ಒಪ್ಪಿಗೆಯ ನಂತರ

ಅನುಕೂಲಕರವಾದ ಉತ್ತರ ಬಂದಾಗ ವಿಚಾರಣೆಯ ಸರದಿ ವಿದ್ಯಾರ್ಥಿಯದು. ವಿದ್ಯಾರ್ಥಿವೇತನ ಎಷ್ಟು ವರ್ಷಕ್ಕೆ ಖಚಿತ, ಹಿಂದಿನ ವಿದ್ಯಾರ್ಥಿಗಳು ಎಷ್ಟು ಕಾಲದಲ್ಲಿ ಪದವಿ ಮುಗಿಸಿದರು, ನಡುವೆ ಬಿಟ್ಟುಹೋದವರು ಇದ್ದಾರೆಯೇ ಎಂಬುದನ್ನು ಅಲ್ಲಿ ಈಗ ಓದುತ್ತಿರುವವರಿಂದ ತಿಳಿದುಕೊಳ್ಳುವ ವಾಡಿಕೆಯಿದೆ. ಪ್ರಾಧ್ಯಾಪಕರ ಎದುರು ಕೇಳಲಾಗದ ಪ್ರಶ್ನೆಗಳಿಗೂ ಅವರಿಂದ ಉತ್ತರ ದೊರೆಯುತ್ತದೆ. ಅಮೆರಿಕದಲ್ಲಿ ಕೌನ್ಸಿಲ್ ಆಫ್ ಗ್ರ್ಯಾಜುಯೇಟ್ ಸ್ಕೂಲ್ಸ್‌ನ ನಿರ್ಣಯಕ್ಕೆ ಸಹಿ ಹಾಕಿರುವ ವಿಶ್ವವಿದ್ಯಾಲಯಗಳು, ಧನಸಹಾಯದ ಆಹ್ವಾನಕ್ಕೆ ಏಪ್ರಿಲ್ 15ಕ್ಕಿಂತ ಮೊದಲು ಉತ್ತರಿಸುವಂತೆ ವಿದ್ಯಾರ್ಥಿಯನ್ನು ಒತ್ತಾಯಿಸುವಂತಿಲ್ಲ. ಭಾರತದಲ್ಲಿ ನೋಂದಣಿಯಾದ ಮೇಲೆ ಮಾರ್ಗದರ್ಶಕರನ್ನು ಬದಲಿಸುವುದು ಸುಲಭವಲ್ಲ. ಆದರೆ ವಿವಾಹ ಅಥವಾ ಇತರ ಕಾರಣದಿಂದ ಮಹಿಳಾ ಸಂಶೋಧನಾರ್ಥಿಯು ಬೇರೆ ಊರಿಗೆ ಹೋಗಬೇಕಾದಾಗ, ಆಕೆಯ ಸಂಶೋಧನಾ ದತ್ತಾಂಶವನ್ನು ಹೊಸ ಸಂಸ್ಥೆಗೆ ವರ್ಗಾಯಿಸಲು ಯುಜಿಸಿ ನಿಯಮಗಳು ಅವಕಾಶ ನೀಡುತ್ತವೆ.