ಗಣಕೀಕೃತ ಸೂಚಿಯಲ್ಲಿ ಗ್ರಂಥ ಹಾಗೂ ಹಳೆಯ ದಾಖಲೆಗಳನ್ನು ಹುಡುಕುವ ವಿಧಾನ

ಜನನ, ವಾಸಸ್ಥಳ ಅಥವಾ ಜಮೀನಿನ ವಿಷಯದಲ್ಲಿ ಅರ್ಜಿ ಸಲ್ಲಿಸುವ ಸಾರ್ವಜನಿಕರಿಗೆ ಹಳೆಯ ರಾಜ್ಯಪತ್ರ, ಗೆಜೆಟಿಯರ್ ಅಥವಾ ಕಡತದ ಅವಶ್ಯಕತೆ ಉಂಟಾಗುತ್ತದೆ. ಸಂವಿಧಾನದ 371(ಜೆ) ಅನುಚ್ಛೇದವು ಕಲ್ಯಾಣ ಕರ್ನಾಟಕ ಪ್ರದೇಶಕ್ಕೆ ಜನನದಿಂದ ಅಥವಾ ವಾಸದಿಂದ ಸೇರಿದವರಿಗೆ ಶಿಕ್ಷಣ ಹಾಗೂ ಸರ್ಕಾರಿ ಉದ್ಯೋಗದಲ್ಲಿ ಮೀಸಲಾತಿ ಕಲ್ಪಿಸಲು ಅವಕಾಶ ನೀಡಿರುವುದರಿಂದ, ಈ ಭಾಗದ ನಾಗರಿಕರಿಗೆ ಇಂತಹ ಆಧಾರಗಳು ಮಹತ್ವದ್ದಾಗಿವೆ. ಗ್ರಂಥಾಲಯ ಹಾಗೂ ಪತ್ರಾಗಾರಗಳ ಗಣಕೀಕೃತ ಸೂಚಿಯಲ್ಲಿ ಇವುಗಳನ್ನು ಹುಡುಕುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

1. ಮೊದಲು ಗಮನಿಸಬೇಕಾದ ಅಂಶ

ಸೂಚಿಯು ಬೆರಳಚ್ಚು ಮಾಡಿದ ಪದವನ್ನು ಮಾತ್ರ ಹುಡುಕುತ್ತದೆ, ಅದರ ಅರ್ಥವನ್ನಲ್ಲ. ಗುಲ್ಬರ್ಗಾ ನಗರಕ್ಕೆ ಕಲಬುರಗಿ ಎಂಬ ಹೆಸರು ಅಧಿಕೃತವಾಗಿ ಜಾರಿಗೆ ಬಂದದ್ದು 2014ರ ನವೆಂಬರ್ 1ರಂದು. ಹೈದರಾಬಾದ್ ಕರ್ನಾಟಕವು ಕಲ್ಯಾಣ ಕರ್ನಾಟಕವಾದದ್ದು 2019ರಲ್ಲಿ. ಈ ಜಿಲ್ಲೆಯು 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದು, ಅನಂತರ ಮೈಸೂರು ರಾಜ್ಯಕ್ಕೆ ಸೇರಿತು. ಆ ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರಲ್ಲಿ. ಆದ್ದರಿಂದ ಇಂದಿನ ಹೆಸರಿನಿಂದ ಹುಡುಕಿ ಫಲಿತಾಂಶ ದೊರೆಯದಿದ್ದ ಮಾತ್ರಕ್ಕೆ ದಾಖಲೆ ಇಲ್ಲವೆಂದು ಭಾವಿಸತಕ್ಕದ್ದಲ್ಲ.

2. ಶೋಧದಲ್ಲಿ ಬಳಸುವ ಪದ ಮತ್ತು ಚಿಹ್ನೆಗಳು

ಆ್ಯಂಡ್, ಆರ್, ನಾಟ್ ಎಂಬ ಮೂರು ಪದಗಳನ್ನು ಇಂಗ್ಲಿಷ್ ದೊಡ್ಡ ಅಕ್ಷರಗಳಲ್ಲಿ ನಮೂದಿಸಬೇಕು.

ಅ) ಆರ್: ಯಾವುದಾದರೂ ಒಂದು ಪದವಿದ್ದರೆ ಸಾಕು. ಉದಾ: ಕಲಬುರಗಿ ಆರ್ ಕಲಬುರ್ಗಿ ಆರ್ ಗುಲ್ಬರ್ಗಾ ಆರ್ ಗುಲಬರ್ಗಾ. ಸ್ಥಳದ ಎಲ್ಲ ರೂಪಗಳೂ ಒಂದೇ ಬಾರಿಗೆ ದೊರೆಯುತ್ತವೆ.

ಆ) ಆ್ಯಂಡ್: ಎಲ್ಲ ಪದಗಳೂ ಇರಬೇಕು. ಎರಡನ್ನೂ ಒಟ್ಟಿಗೆ ಬಳಸುವಾಗ ಆವರಣ ಚಿಹ್ನೆ ಹಾಕುವುದು ಅವಶ್ಯ. ಉದಾ: (ಕಲಬುರಗಿ ಆರ್ ಗುಲ್ಬರ್ಗಾ) ಆ್ಯಂಡ್ ಗೆಜೆಟಿಯರ್. ಆವರಣವಿಲ್ಲದಿದ್ದಲ್ಲಿ ಕೆಲವು ತಂತ್ರಾಂಶಗಳು ಕಲಬುರಗಿ ಎಂಬ ಪದವಿರುವ ಎಲ್ಲ ಗ್ರಂಥಗಳನ್ನೂ ತೋರಿಸುತ್ತವೆ.

ಇ) ಉದ್ಧರಣ ಚಿಹ್ನೆ: ಪದಗಳು ಅದೇ ಕ್ರಮದಲ್ಲಿ ಒಟ್ಟಿಗೆ ಬರಬೇಕಾದಾಗ ಬಳಸಬೇಕು. "ಖೂಬಾ ಪ್ಲಾಟ್" ಎಂದು ಚಿಹ್ನೆಯೊಳಗೆ ಬರೆದರೆ ಆ ಬಡಾವಣೆಯ ನಮೂದು ಮಾತ್ರ ಬರುತ್ತದೆ; ಇಲ್ಲದಿದ್ದರೆ ಪ್ಲಾಟ್ ಎಂಬ ಪದವಿರುವ ಇತರ ನಮೂದುಗಳೂ ಸೇರಿಕೊಳ್ಳಬಹುದು. "ಖುಬಾ ಪ್ಲಾಟ್" ಎಂಬ ರೂಪದಲ್ಲಿಯೂ ಹುಡುಕುವುದು ಒಳ್ಳೆಯದು.

ಈ) ನಾಟ್: ಬೇಡವಾದುದನ್ನು ಬಿಡುತ್ತದೆ. ಕಮಲಾಪುರವೆಂಬ ಹೆಸರಿನ ಊರು ಹಂಪಿಯ ಬಳಿಯೂ ಇದೆ. ಕಮಲಾಪುರ ನಾಟ್ ಹಂಪಿ ಎಂದರೆ ಅದು ಬಿಟ್ಟುಹೋಗುತ್ತದೆ. ಆದರೆ ಎರಡೂ ಊರುಗಳನ್ನು ಕುರಿತ ಗ್ರಂಥವೂ ಮರೆಯಾಗುತ್ತದೆ. ಆದಕಾರಣ ಕಮಲಾಪುರ ಆ್ಯಂಡ್ (ಕಲಬುರಗಿ ಆರ್ ಗುಲ್ಬರ್ಗಾ) ಎಂಬ ಕ್ರಮವೇ ಸುರಕ್ಷಿತ. ಈಗ ಪ್ರತ್ಯೇಕ ತಾಲ್ಲೂಕಾಗಿರುವ ಕಮಲಾಪುರವು ಹಿಂದೆ ಕಲಬುರಗಿ ತಾಲ್ಲೂಕಿಗೆ ಸೇರಿತ್ತೆಂಬುದನ್ನೂ ನೆನಪಿನಲ್ಲಿಡಬೇಕು.

ಉ) ನಕ್ಷತ್ರ ಚಿಹ್ನೆ: ಕನ್ನಡದಲ್ಲಿ ವಿಭಕ್ತಿ ಪ್ರತ್ಯಯ ಸೇರಿದಾಗ ಪದದ ಕೊನೆ ಬದಲಾಗುತ್ತದೆ. ಜಮೀನ* ಎಂದು ಬರೆದರೆ ಜಮೀನು, ಜಮೀನಿನ, ಜಮೀನುಗಳ ಎಂಬ ರೂಪಗಳೆಲ್ಲ ದೊರೆಯುತ್ತವೆ.

ಈ ಚಿಹ್ನೆಗಳ ಬಳಕೆಯು ತಂತ್ರಾಂಶದಿಂದ ತಂತ್ರಾಂಶಕ್ಕೆ ತುಸು ಭಿನ್ನವಾಗಿರುವುದರಿಂದ ಆಯಾ ಸೂಚಿಯ ಸಹಾಯ ಪುಟವನ್ನು ಓದಿಕೊಳ್ಳುವುದು ಸೂಕ್ತ.

3. ಲಿಪಿ, ಭಾಷೆ ಮತ್ತು ವರ್ಷ

ಕನ್ನಡ ಪದಗಳನ್ನು ಯುನಿಕೋಡ್‌ನಲ್ಲಿ ನಮೂದಿಸಬೇಕು. ಯುನಿಕೋಡ್ ಅಲ್ಲದ ಹಳೆಯ ಫಾಂಟುಗಳಲ್ಲಿ ಬರೆದ ಪದವು ಹೊಂದಿಕೆಯಾಗುವುದಿಲ್ಲ. ಇಂಗ್ಲಿಷ್ ಗ್ರಂಥಗಳನ್ನು ಇಂಗ್ಲಿಷ್ ಲಿಪಿಯಲ್ಲಿಯೇ ಹುಡುಕಬೇಕು. ಉದಾಹರಣೆಗೆ, 1966ರ ಗುಲ್ಬರ್ಗಾ ಜಿಲ್ಲಾ ಗೆಜೆಟಿಯರ್ ಇಂಗ್ಲಿಷಿನಲ್ಲಿದ್ದು, ಮೈಸೂರು ರಾಜ್ಯ ಗೆಜೆಟಿಯರ್ ಮಾಲೆಗೆ ಸೇರಿದೆ. ಕಲಬುರಗಿ, ಕರ್ನಾಟಕ ಎಂಬ ಪದಗಳಿಂದ ಅದು ಸಿಗದಿರಬಹುದು.

ನಿಜಾಮರ ಆಡಳಿತ ಕಾಲದ ಕಂದಾಯ ದಾಖಲೆಗಳು ಹೆಚ್ಚಾಗಿ ಉರ್ದುವಿನಲ್ಲಿದ್ದು, ಫಸಲಿ ವರ್ಷವನ್ನು ಹೊಂದಿವೆ. ಫಸಲಿ ವರ್ಷಕ್ಕೆ 590 ಸೇರಿಸಿದರೆ ಸ್ಥೂಲವಾಗಿ ಕ್ರಿಸ್ತಶಕ ವರ್ಷ ಬರುತ್ತದೆ. ಫಸಲಿ 1357 ಎಂದರೆ 1947-48. ಒಂದು ಫಸಲಿ ವರ್ಷ ಎರಡು ಕ್ರಿಸ್ತಶಕ ವರ್ಷಗಳಲ್ಲಿ ಹರಡಿರುವುದರಿಂದ 1948ರ ದಾಖಲೆಗೆ 1357 ಆರ್ 1358 ಎಂದು ಹುಡುಕಬೇಕು.

4. ಹುಡುಕಿದ ನಂತರ

ದೊರೆತ ನಮೂದಿನ ಶೀರ್ಷಿಕೆ, ವರ್ಷ ಹಾಗೂ ಕರೆ ಸಂಖ್ಯೆ ಅಥವಾ ಕಡತ ಸಂಖ್ಯೆಯನ್ನು ಬರೆದುಕೊಳ್ಳಬೇಕು. ಸೂಚಿಯ ಮುದ್ರಿತ ಪುಟವು ಸ್ವತಃ ಪುರಾವೆಯಲ್ಲ. ಅದು ದಾಖಲೆ ಇರುವ ಸ್ಥಳವನ್ನು ತೋರಿಸುತ್ತದೆ ಅಷ್ಟೆ. ಅರ್ಜಿಯೊಂದಿಗೆ ಲಗತ್ತಿಸಲು ದೃಢೀಕೃತ ನಕಲು ಬೇಕಿದ್ದಲ್ಲಿ ಮೂಲ ದಾಖಲೆಯನ್ನು ಹೊಂದಿರುವ ಕಚೇರಿಯಿಂದ ಪಡೆಯಬೇಕು. ಎಲ್ಲ ಹಳೆಯ ಕಡತಗಳೂ ಗಣಕಕ್ಕೆ ಸೇರಿರುವುದಿಲ್ಲ; ಸೂಚಿಯಲ್ಲಿ ಸಿಗದಿದ್ದರೆ ಪ್ರಯತ್ನಿಸಿದ ಹೆಸರು ಹಾಗೂ ವರ್ಷಗಳ ಪಟ್ಟಿಯೊಂದಿಗೆ ಸಂಬಂಧಪಟ್ಟ ಸಿಬ್ಬಂದಿಯನ್ನು ಸಂಪರ್ಕಿಸಿ, ಕೈಬರಹದ ವಹಿಗಳಲ್ಲಿ ಪರಿಶೀಲಿಸುವಂತೆ ಕೋರಬಹುದು.