ಗೆಜ್ಜಲಗೆರೆಯ ಹಾಲು, ಶಾಲೆಯ ಲೋಟ

ಮದ್ದೂರಿನಿಂದ ಮಂಡ್ಯದ ಕಡೆಗೆ ಹೊರಟರೆ ಹಳೆಯ ಹೆದ್ದಾರಿಯಲ್ಲೇ ಸಿಗುವ ಊರು ಗೆಜ್ಜಲಗೆರೆ. ಮಂಡ್ಯ ಜಿಲ್ಲಾ ಹಾಲು ಒಕ್ಕೂಟ, ಜನರ ಬಾಯಲ್ಲಿ ಮನ್‌ಮುಲ್, ಇರುವುದು ಇಲ್ಲಿ. ಸುತ್ತಲ ತಾಲ್ಲೂಕುಗಳ ಹಳ್ಳಿ ಡೈರಿಗಳ ಹಾಲು ಬಂದು ಸೇರುವುದೂ ಇಲ್ಲಿಗೇ.

ಪರೀಕ್ಷೆ ಶುರುವಾಗುವುದು ಊರ ಡೈರಿಯಲ್ಲಿ. ರೈತರು ತಂದ ಹಾಲಿನಿಂದ ಟೆಸ್ಟರ್ ಒಂದಿಷ್ಟು ಸ್ಯಾಂಪಲ್ ತೆಗೆಯುತ್ತಾರೆ. ನೀರು ಬೆರೆತಿದ್ದರೆ ಲ್ಯಾಕ್ಟೋಮೀಟರಿನ ಡಿಗ್ರಿ ಇಳಿಯುತ್ತದೆ. ಡಿಗ್ರಿಯನ್ನೂ ಫ್ಯಾಟನ್ನೂ ಸೇರಿಸಿ ಎಸ್‌ಎನ್‌ಎಫ್, ಅಂದರೆ ಕೊಬ್ಬು ಬಿಟ್ಟು ಉಳಿದ ಘನಾಂಶದ ಲೆಕ್ಕ ಹಾಕುತ್ತಾರೆ. ರೈತರಿಗೆ ಅದು ದರದ ಲೆಕ್ಕ. ಹಾಲಿನ ಪ್ರೊಟೀನು, ಸುಣ್ಣದಂಶ ಎಲ್ಲ ಇರುವುದು ಆ ಎಸ್‌ಎನ್‌ಎಫ್‌ನಲ್ಲೇ ಆದ್ದರಿಂದ ಕುಡಿಯುವ ಮಗುವಿಗೂ ಅದೇ ಲೆಕ್ಕ. ನೂರು ಲೀಟರಿಗೆ ಹತ್ತು ಲೀಟರ್ ನೀರು ಸುರಿದರೆ ಶೇಕಡಾ 8.5 ಇದ್ದ ಎಸ್‌ಎನ್‌ಎಫ್ 7.7ರ ಆಸುಪಾಸಿಗೆ ಇಳಿಯುತ್ತದೆ. ಸಕ್ಕರೆ ಬೆರೆಸಿ ಡಿಗ್ರಿ ಏರಿಸುವವರೂ ಇದ್ದಾರೆ. ಅದಕ್ಕೇ ಒಕ್ಕೂಟದ ಲ್ಯಾಬಿನಲ್ಲಿ ಕಲಬೆರಕೆಗೆ ಬೇರೆ ಪರೀಕ್ಷೆಗಳು ಬೇಕಾಗುತ್ತವೆ.

1993ರ ರಾಷ್ಟ್ರೀಯ ಪೌಷ್ಟಿಕತಾ ನೀತಿ ಕಲಬೆರಕೆ ತಡೆಯನ್ನೂ ತನ್ನ ಕೆಲಸಗಳಲ್ಲಿ ಸೇರಿಸಿಕೊಂಡಿತ್ತು. ಅದು ಯಾಕೆ ಎಂಬುದನ್ನು ಮಂಡ್ಯದವರಿಗೆ ವಿವರಿಸಬೇಕಿಲ್ಲ. 2021ರಲ್ಲಿ ಮನ್‌ಮುಲ್‌ಗೆ ಬರುತ್ತಿದ್ದ ಟ್ಯಾಂಕರ್‌ಗಳಲ್ಲಿ ನೀರು ಬೆರೆಸುವ ಹಗರಣ ಬಯಲಾಗಿ, ಪ್ರಕರಣ ಸಿಐಡಿಗೆ ಹೋಯಿತು. ಊರ ಡೈರಿಯಲ್ಲಿ ಪಾಸಾದ ಹಾಲು ದಾರಿಯಲ್ಲಿ ಕಲಬೆರಕೆಯಾಗಿತ್ತು. ಒಂದು ಕಡೆ ಅಳೆದು ಸುಮ್ಮನಾದರೆ ಸಾಲದು, ಹಾಲು ಕೈ ಬದಲಾದ ಕಡೆಯೆಲ್ಲ ಅಳೆಯಬೇಕು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ನಿಯತ್ತಾಗಿ ಹಾಲು ಹಾಕಿದ ಹೆಣ್ಣುಮಕ್ಕಳ ದುಡಿಮೆಗೂ ಅಲ್ಲಿ ನೀರೇ ಬಿದ್ದಿತ್ತು.

ಹೀಗೆ ಅಳೆಯಬೇಕಾದ ಇನ್ನೊಂದು ಕಡೆ ಶಾಲೆ. 2013ರ ಆಗಸ್ಟ್ 1ರಂದು ಆರಂಭವಾದ ರಾಜ್ಯ ಸರ್ಕಾರದ ಕ್ಷೀರಭಾಗ್ಯ ಯೋಜನೆಯಲ್ಲಿ ಶಾಲಾ ಮಗುವಿಗೆ 18 ಗ್ರಾಂ ಪುಡಿಯಿಂದ 150 ಮಿಲಿಲೀಟರ್ ಹಾಲು. ಪುಡಿ ಕೊಡುವುದು ಕರ್ನಾಟಕ ಹಾಲು ಮಹಾಮಂಡಳ, ಅಂದರೆ ಕೆಎಂಎಫ್. ಕಾರ್ಖಾನೆಯಿಂದ ಹೊರಬಿದ್ದ ಪೊಟ್ಟಣಕ್ಕೆ ಮುಂದೆ ಶಾಲೆಯ ಉಗ್ರಾಣವೇ ಗತಿ. ಅಲ್ಲಿ ಲ್ಯಾಬಿಲ್ಲ. ತೇವ ತಾಗಿದರೆ ಪುಡಿ ಗಂಟುಕಟ್ಟುತ್ತದೆ. ನೀರು ಹೆಚ್ಚಾದರೆ ಲೋಟ ತುಂಬುತ್ತದೆ, ಪೋಷಣೆ ತುಂಬುವುದಿಲ್ಲ. ನಮ್ಮ ಪೌಷ್ಟಿಕ ಯೋಜನೆಗಳ ದುರ್ಬಲ ಕೊಂಡಿ ಇದು ಎಂದೇ ನನ್ನ ಅಭಿಪ್ರಾಯ.

ಮಕ್ಕಳಿಗೆ ಬಡಿಸುವ ಮುನ್ನ ಶಿಕ್ಷಕರೂ ಶಾಲಾ ಸಮಿತಿಯವರೂ ಬಿಸಿಯೂಟದ ರುಚಿ ನೋಡಬೇಕೆಂದು 2015ರ ಮಾರ್ಗಸೂಚಿಯೇ ಹೇಳುತ್ತದೆ. ಹಾಲಿಗೂ ಅದೇ ಆಗಲಿ: ಈ ಸಮಿತಿಯಲ್ಲಿ, ಅಂದರೆ ಎಸ್‌ಡಿಎಂಸಿಯಲ್ಲಿರುವ ತಂದೆ ತಾಯಂದಿರು ಒಮ್ಮೆ ಶಾಲೆಗೆ ಹೋಗಿ ಪುಡಿಯ ಪೊಟ್ಟಣದ ತಾರೀಖು ಓದಿ, ಅಳತೆ ಕೇಳಿ, ಆ ಹಾಲನ್ನು ತಾವೂ ಕುಡಿದು ನೋಡಲಿ.