ಹೊಟ್ಟೆಗೆ ಹಚ್ಚುವ ಆ ತಣ್ಣನೆಯ ಜೆಲ್ಲಿ ಏಕೆ?

ಪಿತ್ತಕೋಶದ ಕಲ್ಲಿಗಾಗಿ ಸ್ಕ್ಯಾನಿಂಗ್ ಮಾಡಿಸಿಕೊಂಡು ಬಂದ ವಯಸ್ಸಾದ ತಾಯಿಯೊಬ್ಬರು ನನ್ನ ಕ್ಲಿನಿಕ್‌ನಲ್ಲಿ ಮೊದಲು ಕೇಳಿದ್ದು ಕಲ್ಲಿನ ಬಗ್ಗೆ ಅಲ್ಲ. "ಡಾಕ್ಟ್ರೇ, ಹೊಟ್ಟೆಗೆ ಏನೋ ತಣ್ಣಗಿನದ್ದು ಮೆತ್ತಿದರಲ್ಲ, ಅದೇನು ಮದ್ದಾ? ಪಾಕ್ ತಾನೇ? ನನಗೆ ಸಂಶಯ ಬಂದು ಮನೆಗೆ ಹೋಗಿ ಸ್ನಾನ ಮಾಡಿಯೇ ನಮಾಝ್ ಮಾಡಿದೆ" ಎಂದರು. ರಿಪೋರ್ಟ್ ಓದುವ ಮೊದಲು ಅವರಿಗೆ ಜೆಲ್ಲಿಯ ವಿಷಯವನ್ನೇ ಹೇಳಬೇಕಾಯಿತು. ನಿಮಗೂ ಹೇಳುತ್ತೇನೆ. ಏಕೆಂದರೆ ಚರ್ಮಕ್ಕೆ ಅಂಟಿಸಿಕೊಂಡು ಓಡಾಡಬಹುದಾದ ಸ್ಕ್ಯಾನಿಂಗ್ ಪಟ್ಟಿಗಳು ಈಗ ಪ್ರಯೋಗಾಲಯಗಳಲ್ಲಿ ತಯಾರಾಗುತ್ತಿವೆ. ಅವು ಕೆಲಸ ಮಾಡುವುದೂ ಬಿಡುವುದೂ ನಿಂತಿರುವುದು ಬಹುಮಟ್ಟಿಗೆ ಈ ಜೆಲ್ಲಿಯ ಮೇಲೆಯೇ.

ಅದು ಮದ್ದಲ್ಲ. ಅದರಲ್ಲಿ ಹೆಚ್ಚಿನ ಭಾಗ ನೀರು. ನೀರು ಹರಿದು ಹೋಗದಂತೆ ಗಟ್ಟಿಯಾಗಿಸಲು ಕಾರ್ಬೋಮರ್ ಎಂಬ ವಸ್ತು, ಬೇಗ ಒಣಗದಿರಲು ಗ್ಲಿಸರಿನ್ ಅಥವಾ ಅದರಂತಹ ಇನ್ನೊಂದು ದ್ರವ, ಕೆಡದಿರಲು ಸ್ವಲ್ಪ ಸಂರಕ್ಷಕ. ಅದಕ್ಕಿರುವುದು ಒಂದೇ ಕೆಲಸ, ಚರ್ಮಕ್ಕೂ ಯಂತ್ರದ ಪ್ರೋಬ್‌ಗೂ ನಡುವೆ ಇರುವ ಗಾಳಿಯನ್ನು ಹೊರಹಾಕುವುದು.

ಬಾವಿಯಲ್ಲೋ ಕೆರೆಯಲ್ಲೋ ಈಜಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ನೀವು ನೀರಿನೊಳಗೆ ಮುಳುಗಿರುವಾಗ ದಡದಲ್ಲಿ ನಿಂತವರು ಎಷ್ಟು ಕೂಗಿದರೂ ಸರಿಯಾಗಿ ಕೇಳಿಸುವುದಿಲ್ಲ. ಅದೇ ನೀರಿನೊಳಗೆ ಯಾರಾದರೂ ಎರಡು ಕಲ್ಲುಗಳನ್ನು ತಟ್ಟಿದರೆ ಕಿವಿಯ ಪಕ್ಕದಲ್ಲೇ ತಟ್ಟಿದಂತೆ ಕೇಳಿಸುತ್ತದೆ. ಶಬ್ದ ಗಾಳಿಯಲ್ಲೂ ಸಾಗುತ್ತದೆ, ನೀರಿನಲ್ಲೂ ಸಾಗುತ್ತದೆ. ಆದರೆ ಒಂದರಿಂದ ಇನ್ನೊಂದಕ್ಕೆ ದಾಟುವಾಗ ಬಹುಪಾಲು ಹಿಂದಕ್ಕೆ ಪುಟಿಯುತ್ತದೆ. ನಮ್ಮ ಕಿವಿ 20,000 ಹರ್ಟ್ಸ್‌ವರೆಗಿನ ಶಬ್ದವನ್ನು ಮಾತ್ರ ಕೇಳಬಲ್ಲದು. ಸ್ಕ್ಯಾನಿಂಗ್ ಯಂತ್ರ ಬಳಸುವುದು ಸಾಮಾನ್ಯವಾಗಿ 20 ಲಕ್ಷದಿಂದ 150 ಲಕ್ಷ ಹರ್ಟ್ಸ್‌ನ ಶಬ್ದವನ್ನು. ಆ ಶಬ್ದಕ್ಕೆ ಗಾಳಿಯ ಕೂದಲೆಳೆಯಷ್ಟು ಪದರವೂ ಗೋಡೆಯೇ. ಗಾಳಿ ಮತ್ತು ಮಾಂಸದ ನಡುವಿನ ಗಡಿಯಲ್ಲಿ ಶೇ. 99ಕ್ಕಿಂತ ಹೆಚ್ಚು ಶಬ್ದ ವಾಪಸ್ಸಾಗುತ್ತದೆ. ಒಳಗೆ ಹೋಗದ ಶಬ್ದ ಚಿತ್ರವನ್ನು ತರುವುದಾದರೂ ಹೇಗೆ? ನಮ್ಮ ಚರ್ಮವೋ ಸಣ್ಣ ಸುಕ್ಕು, ರೋಮ, ರಂಧ್ರಗಳಿಂದ ತುಂಬಿದೆ. ಅಲ್ಲೆಲ್ಲ ಗಾಳಿ ಕೂತಿರುತ್ತದೆ. ಜೆಲ್ಲಿ ಅಲ್ಲಿಗೆ ಹರಿದು ಗಾಳಿಯ ಜಾಗವನ್ನು ತಾನು ತುಂಬಿಕೊಳ್ಳುತ್ತದೆ.

ಹತ್ತು ಹದಿನೈದು ನಿಮಿಷದ ಸ್ಕ್ಯಾನಿಂಗ್‌ಗೆ ಇಷ್ಟು ಸಾಕು. ಆದರೆ ಎಲ್ಲ ಕಾಯಿಲೆಯೂ ಆ ಹದಿನೈದು ನಿಮಿಷದಲ್ಲಿ ಸಿಕ್ಕಿಬೀಳುವುದಿಲ್ಲ. ಮೆಟ್ಟಿಲು ಹತ್ತುವಾಗ ಮಾತ್ರ ಎದೆ ಹಿಡಿದಂತಾಗುವ ರೋಗಿಗಳನ್ನು ನಾನು ಎಕೋ ಪರೀಕ್ಷೆಗೆ ಕಳುಹಿಸುತ್ತೇನೆ. ಮೇಜಿನ ಮೇಲೆ ಆರಾಮವಾಗಿ ಮಲಗಿದಾಗ ಹೃದಯ ಚೆನ್ನಾಗಿಯೇ ಬಡಿಯುತ್ತಿರುತ್ತದೆ. ಟ್ರೆಡ್‌ಮಿಲ್ ಮೇಲೆ ಓಡಿಸಿ ಪರೀಕ್ಷಿಸುವ ಕ್ರಮವೂ ಇದೆ. ಅಲ್ಲೂ ಸಾಮಾನ್ಯವಾಗಿ ರೋಗಿ ಓಟ ನಿಲ್ಲಿಸಿ, ಗಡಿಬಿಡಿಯಲ್ಲಿ ಮಲಗಿ, ಹೃದಯ ಸುಧಾರಿಸಿಕೊಳ್ಳುವ ಮೊದಲೇ ಚಿತ್ರ ತೆಗೆಯಬೇಕು. ಓಡುತ್ತಿರುವಾಗಲೇ ನೋಡುವಂತಿದ್ದರೆ? ಅದಕ್ಕೆ ಪ್ರೋಬ್ ಮೈಗೆ ಅಂಟಿಕೊಂಡೇ ಇರಬೇಕು. ಆದರೆ ಬೆವರಿನ ಮೈಯಲ್ಲಿ ಈ ಜೆಲ್ಲಿ ಜಾರಿ ಹೋಗುತ್ತದೆ, ಜಾರದೆ ಉಳಿದದ್ದು ಒಣಗುತ್ತದೆ. ಒಣಗಿದೊಡನೆ ಗಾಳಿ ಮತ್ತೆ ಬಂದು ಕೂರುತ್ತದೆ.

ಇಲ್ಲಿಂದ ಮುಂದಿನದ್ದು ಅಡುಗೆಮನೆಯ ಉದಾಹರಣೆಯಿಂದ ಚೆನ್ನಾಗಿ ತಿಳಿಯುತ್ತದೆ. ರಮಝಾನ್‌ನಲ್ಲಿ ಶರಬತ್ತಿಗೆ ಹಾಕುವ ಸಬ್ಜಾ ಬೀಜ ನೀರು ಕುಡಿದು ಉಬ್ಬುವುದನ್ನು ನೋಡಿದ್ದೀರಿ. ಬೀಜದ ಹೊರಮೈಯಲ್ಲಿರುವ ಅತಿ ಸೂಕ್ಷ್ಮ ಎಳೆಗಳು ಬಲೆಯಂತೆ ಹರಡಿಕೊಂಡು ನೀರನ್ನು ಹಿಡಿದಿಟ್ಟುಕೊಳ್ಳುತ್ತವೆ. ಯುನಾನಿಯಲ್ಲಿ ನಾವು ಬಿಹಿದಾನ, ಇಸಬಗೋಲಿನಿಂದ ತೆಗೆಯುವ ಲುಆಬ್ ಎಂಬ ಲೋಳೆಯೂ ಇದೇ ಜಾತಿ. ನೀರನ್ನು ಬಲೆಯಲ್ಲಿ ಹಿಡಿದ ಇಂತಹ ವಸ್ತುವಿಗೆ ವಿಜ್ಞಾನಿಗಳು ಹೈಡ್ರೋಜೆಲ್ ಎನ್ನುತ್ತಾರೆ. ಇಫ್ತಾರ್‌ಗೆ ಮಾಡುವ ಚೈನಾ ಗ್ರಾಸ್ ತುಂಡು ಅದರ ಗಟ್ಟಿ ರೂಪ. ಹರಿಯುವುದಿಲ್ಲ, ಆದರೆ ಹೆಚ್ಚಿನದ್ದೆಲ್ಲ ನೀರೇ. ಆದ್ದರಿಂದ ಶಬ್ದ ಅದರ ಮೂಲಕ ನಮ್ಮ ಮಾಂಸದ ಮೂಲಕ ಸಾಗಿದಂತೆಯೇ ಸಾಗುತ್ತದೆ. ಆದರೆ ಆ ತುಂಡನ್ನು ಮುಚ್ಚದೆ ಎರಡು ದಿನ ಫ್ರಿಜ್‌ನಲ್ಲಿಟ್ಟು ನೋಡಿ. ಅಂಚು ಮುರುಟಿ, ಮೈ ಚರ್ಮಗಟ್ಟಿರುತ್ತದೆ.

ಹಾಗಿದ್ದರೆ ಒಣಗುವ ಪ್ರಶ್ನೆಯೇ ಇಲ್ಲದ ಮೆತ್ತನೆಯ ಸಿಲಿಕೋನ್ ರಬ್ಬರ್ ಹಾಕಬಾರದೇ? ಹಾಕಬಹುದು, ಹಾಕುತ್ತಲೂ ಇದ್ದಾರೆ. ಆದರೆ ರಬ್ಬರ್ ದಪ್ಪವಾದಷ್ಟೂ ಶಬ್ದವನ್ನು ತಾನೇ ನುಂಗುತ್ತದೆ, ನೀರಿನಷ್ಟು ಉದಾರಿ ಅಲ್ಲ. ಒಂದರಲ್ಲಿ ಶಬ್ದ ಸಲೀಸು, ಆದರೆ ಬಾಳಿಕೆ ಇಲ್ಲ. ಇನ್ನೊಂದರಲ್ಲಿ ಬಾಳಿಕೆ ಇದೆ, ಶಬ್ದಕ್ಕೆ ಕಷ್ಟ.

ಅಮೆರಿಕದ ಎಂಐಟಿ ಸಂಸ್ಥೆಯಲ್ಲಿ ಶುವಾನ್ಹೆ ಝಾವೋ ಅವರ ತಂಡ ಎರಡನ್ನೂ ಕೂಡಿಸಿತು. 2022ರ ಜುಲೈಯಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಅವರ ಕೆಲಸ ಪ್ರಕಟವಾಯಿತು. ನಡುವೆ ಹೈಡ್ರೋಜೆಲ್, ಅದರ ಎರಡೂ ಬದಿಗೆ ಇಲಾಸ್ಟೋಮರ್ ಎಂಬ ರಬ್ಬರಿನಂತಹ ವಸ್ತುವಿನ ಬಹಳ ತೆಳುವಾದ ಹೊದಿಕೆ. ಹೊದಿಕೆ ನೀರನ್ನು ಹೊರಬಿಡುವುದಿಲ್ಲ, ತೆಳುವಾದ್ದರಿಂದ ಶಬ್ದವನ್ನು ತಡೆಯುವುದೂ ಇಲ್ಲ. ಚರ್ಮದ ಕಡೆಗೆ ಅಂಟು, ಮೇಲುಗಡೆ ಶಬ್ದ ಹೊರಡಿಸುವ ಗಡಸು ಬಿಲ್ಲೆಗಳ ಸಾಲು. ಒಟ್ಟು ಗಾತ್ರ ಅಂಚೆಚೀಟಿಯಷ್ಟು, ದಪ್ಪ ಸುಮಾರು 3 ಮಿಲಿಮೀಟರ್. ಸ್ವಯಂಸೇವಕರು ಇದನ್ನು ಕತ್ತು, ಎದೆ, ಹೊಟ್ಟೆ, ತೋಳುಗಳಿಗೆ ಅಂಟಿಸಿಕೊಂಡರು. 48 ಗಂಟೆಗಳವರೆಗೆ ಅದು ಬಿಡಲಿಲ್ಲ, ಒಣಗಲಿಲ್ಲ. ಹಣ್ಣಿನ ರಸ ಕುಡಿದಾಗ ಜಠರ ಹಿಗ್ಗಿ ಮತ್ತೆ ಕುಗ್ಗುವುದು, ವ್ಯಾಯಾಮ ಮಾಡುವಾಗ ಹೃದಯದ ಆಕಾರ ಬದಲಾಗುವುದು ಕಾಣಿಸಿತು. ಆದರೆ ಪಟ್ಟಿಯಿಂದ ಯಂತ್ರಕ್ಕೆ ತಂತಿ ಇತ್ತು.

ಬಿಲ್ಲೆಗಳು ಗಡಸಾಗಿರಬೇಕೇ, ಮೈಯೊಂದಿಗೆ ಹಿಗ್ಗಬೇಕೇ ಎಂಬುದರಲ್ಲಿ ಭಿನ್ನಾಭಿಪ್ರಾಯವಿದೆ. ಹಿಗ್ಗಿದರೆ ಮೈಗೆ ಹಿತ, ಆದರೆ ಬಿಲ್ಲೆಗಳ ನಡುವಿನ ಅಂತರ ಬದಲಾಗಿ ಚಿತ್ರ ಸೊಟ್ಟಗಾಗಬಹುದು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೋ ಕೇಂದ್ರದಲ್ಲಿ ಶೆಂಗ್ ಶು ಅವರ ತಂಡ ಹಿಗ್ಗುವ ದಾರಿಯನ್ನು ಹಿಡಿಯಿತು. 2018ರಲ್ಲಿ ಅವರು ತೋರಿಸಿದ ಪಟ್ಟಿ ಚರ್ಮದ ಕೆಳಗೆ 4 ಸೆಂಟಿಮೀಟರ್‌ವರೆಗಿನ ಆಳದ ರಕ್ತನಾಳದ ಒತ್ತಡವನ್ನು ಓದಿತು. ಮಣಿಕಟ್ಟಿನ ಮೇಲೆ ಬೆರಳಿಟ್ಟು ನಬ್ಜ್ ನೋಡುವ ನನ್ನಂತಹವನಿಗೆ ಇದು ಅಸೂಯೆಪಡುವ ವಿಷಯವೇ. 2023ರಲ್ಲಿ ಅದೇ ತಂಡ ವ್ಯಾಯಾಮದ ನಡುವೆಯೇ ಹೃದಯದ ಚಿತ್ರ ತೆಗೆಯುವ ಪಟ್ಟಿಯನ್ನೂ, ತಂತಿಯಿಲ್ಲದೆ 12 ಗಂಟೆಗಳವರೆಗೆ ಕೆಲಸ ಮಾಡುವ ಇನ್ನೊಂದನ್ನೂ ತೋರಿಸಿತು.

ನಮ್ಮ ಹೆಣ್ಣುಮಕ್ಕಳಿಗೆ ಇದರಲ್ಲಿ ಇನ್ನೊಂದು ಅನುಕೂಲವೂ ಇದೆ. ಒಮ್ಮೆ ಪಟ್ಟಿ ಅಂಟಿಸಿದರೆ ಪ್ರತಿ ಸಲವೂ ಬಟ್ಟೆ ಸರಿಸಿ ಮಲಗಬೇಕಾಗುವುದಿಲ್ಲ.

ಆ ಕಾಲ ಬರುವವರೆಗೆ ಕಾಯದೆ, ಈಗಲೇ ನೀವು ಗಮನಿಸಬೇಕಾದ ಸಂಗತಿಗಳಿವೆ. ಕೆಲವರು ಸ್ಕ್ಯಾನಿಂಗ್‌ಗೆ ಹೋಗುವ ಮೊದಲು ಹೊಟ್ಟೆಗೆ ರೋಗನ್ ಅಥವಾ ಕೊಬ್ಬರಿ ಎಣ್ಣೆ ತಿಕ್ಕಿಕೊಂಡು ಹೋಗುತ್ತಾರೆ. ನಾನೇ ಬರೆದುಕೊಟ್ಟ ಎಣ್ಣೆಯಾದರೂ ಆ ದಿನ ಬೇಡ. ಕೆಲವು ಎಣ್ಣೆಗಳು ಪ್ರೋಬ್‌ನ ಮೇಲ್ಮೈಯನ್ನು ಹಾಳುಮಾಡುತ್ತವೆ. ಹೃದಯ ಬಡಿತ ದಾಖಲಿಸುವ ಹೋಲ್ಟರ್ ಪಟ್ಟಿಗಳು, ಸಕ್ಕರೆ ಕಾಯಿಲೆಯವರ ತೋಳಿಗೆ ಅಂಟಿಸುವ ಗ್ಲೂಕೋಸ್ ಸೆನ್ಸರ್‌ಗಳು ನಮ್ಮೂರಿಗೂ ಬಂದಿವೆ. ಎಣ್ಣೆ, ಪೌಡರ್, ಅತ್ತರ್ ಹಚ್ಚಿದ ಚರ್ಮದಲ್ಲಿ ಅವು ಅರ್ಧ ದಿನವೂ ನಿಲ್ಲುವುದಿಲ್ಲ. ಸೋಪಿನಿಂದ ತೊಳೆದು ಪೂರ್ತಿ ಒಣಗಿಸಿದ ಚರ್ಮ ಬೇಕು. ವಯಸ್ಸಾದವರ ಚರ್ಮ ಕಾಗದದಂತೆ ತೆಳು. ಪಟ್ಟಿ ಕೀಳುವಾಗ ಎಳೆಯಬೇಡಿ, ಉಗುರು ಬೆಚ್ಚಗಿನ ನೀರಿನಲ್ಲಿ ನೆನೆಸಿ ಚರ್ಮವನ್ನು ಒಂದು ಕೈಯಿಂದ ಒತ್ತಿಹಿಡಿದು ನಿಧಾನವಾಗಿ ಬಿಡಿಸಿ. ಕೆಂಪಾಗಿ ತುರಿಸಿದರೆ ಮುಂದಿನ ಸಲ ಅದೇ ಜಾಗಕ್ಕೆ ಹಾಕಿಸಬೇಡಿ, ಡಾಕ್ಟರಿಗೂ ತಿಳಿಸಿ. ಪಟ್ಟಿಯ ಕೆಳಗೆ ನೀರು ತಲುಪದಿರುವಾಗ ವುಝೂ, ಗುಸ್ಲ್ ಹೇಗೆ ಎಂಬುದನ್ನು ನಿಮ್ಮ ಉಲಮಾಗಳಲ್ಲಿ ಕೇಳಿ. ವೈದ್ಯನಾಗಿ ನಾನು ಹೇಳುವುದಿಷ್ಟೇ, ಕೇಳದೆ ಮಧ್ಯದಲ್ಲಿ ಕಿತ್ತು ಹಾಕಬೇಡಿ, ಅಷ್ಟೂ ದಿನದ ದಾಖಲೆ ವ್ಯರ್ಥವಾಗುತ್ತದೆ.

ಜೆಲ್ಲಿಯ ಶುಚಿತ್ವವೂ ಸಣ್ಣ ವಿಷಯವಲ್ಲ. 2021ರಲ್ಲಿ ಅಮೆರಿಕದಲ್ಲಿ ಸ್ಕ್ಯಾನಿಂಗ್ ಜೆಲ್ಲಿಯಲ್ಲಿ ಬರ್ಕ್‌ಹೋಲ್ಡೇರಿಯಾ ಎಂಬ ಬ್ಯಾಕ್ಟೀರಿಯಾ ಸೇರಿ ರೋಗಿಗಳಿಗೆ ರಕ್ತದ ಸೋಂಕು ತಗಲಿತು, ಜೆಲ್ಲಿಯನ್ನು ವಾಪಸ್ ಪಡೆಯಬೇಕಾಯಿತು. ಗಾಯವಿಲ್ಲದ ಚರ್ಮಕ್ಕೆ ಸಾಮಾನ್ಯ ಬಾಟಲಿಯ ಜೆಲ್ಲಿ ಸಾಕು. ಆದರೆ ಸ್ಕ್ಯಾನಿಂಗ್ ನೋಡಿಕೊಂಡು ಸೂಜಿ ಚುಚ್ಚುವುದಿದ್ದರೆ, ಹೊಲಿಗೆ ಅಥವಾ ಗಾಯದ ಹತ್ತಿರ ಹಚ್ಚುವುದಿದ್ದರೆ, ಒಮ್ಮೆ ಬಳಸಿ ಎಸೆಯುವ ಸ್ಟೆರೈಲ್ ಪೊಟ್ಟಣವೇ ಬೇಕು. "ಇದು ಸ್ಟೆರೈಲಾ?" ಎಂದು ಕೇಳಲು ಸಂಕೋಚ ಬೇಡ. ಮುಗಿದ ಮೇಲೆ ಒಣ ಬಟ್ಟೆಯಿಂದ ಒರೆಸಿ ನೀರಿನಿಂದ ತೊಳೆದರೆ ಪೂರ್ತಿ ಹೋಗುತ್ತದೆ. ಬಟ್ಟೆಗೆ ತಾಗಿದ್ದೂ ಹಾಗೆಯೇ.

ಮೊಬೈಲ್‌ನಲ್ಲಿ 'ಮನೆಯಲ್ಲೇ ಸ್ಕ್ಯಾನಿಂಗ್ ಪಟ್ಟಿ' ಎಂಬ ಜಾಹೀರಾತು ಕಂಡರೆ ಹಣ ಕಳುಹಿಸಬೇಡಿ. ನಮ್ಮ ದೇಶದಲ್ಲಿ ಭ್ರೂಣದ ಲಿಂಗ ಪತ್ತೆಯನ್ನು ತಡೆಯುವ 1994ರ ಕಾಯ್ದೆಯಡಿ, ಭ್ರೂಣದ ಲಿಂಗ ತಿಳಿಸಬಲ್ಲ ಸ್ಕ್ಯಾನಿಂಗ್ ಯಂತ್ರವನ್ನು ನೋಂದಣಿಯಿಲ್ಲದವರಿಗೆ ಮಾರುವಂತಿಲ್ಲ. ಯಂತ್ರ ಅಂಚೆಚೀಟಿಯಷ್ಟಾದರೂ ಕಾಯ್ದೆ ಅದೇ.